ದಿಕ್ಕು ಬದಲಿಸಿದ ನಕ್ಷೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವರ್ಷಕ್ಕೆ ಸುಮಾರು ಒಂದೂವರೆ ಲಕ್ಷ ಜನರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಪತ್ತೆಯಾಗುತ್ತದೆ. ಸುಮಾರು 50,000 ಜನ ಅದರಿಂದ ತೀರಿಕೊಳ್ಳುತ್ತಾರೆ. ಸಣ್ಣ ಕರುಳು ಮುಗಿದಲ್ಲಿಂದ ಮುಂದಿನದು ದೊಡ್ಡ ಕರುಳು. ಅದರ ಕೊನೆಯ, ಗೇಣಿಗಿಂತ ಕಡಿಮೆ ಉದ್ದದ ತುಂಡು ಗುದನಾಳ. ಎರಡರ ಕ್ಯಾನ್ಸರನ್ನೂ ಅಂಕಿಅಂಶಗಳಲ್ಲಿ ಒಟ್ಟಿಗೇ ಎಣಿಸುವುದು ರೂಢಿ. ಇಲ್ಲಿಯೂ ಹಾಗೆಯೇ ಎಣಿಸಿದೆ.

ಈ ಸಾವುಗಳು ಆ ದೇಶದ ತುಂಬ ಒಂದೇ ಸಮನೆ ಹರಡಿಲ್ಲ. ಕೆಲವು ರಾಜ್ಯಗಳಲ್ಲಿ ಹೆಚ್ಚು, ಕೆಲವುಗಳಲ್ಲಿ ಕಡಿಮೆ. ಒಂದು ರಾಜ್ಯದೊಳಗೂ ಹೆಚ್ಚು ಕಡಿಮೆ ಇದೆ, ಒಂದು ನಗರದ ಬಡಾವಣೆಗಳ ನಡುವೆಯೂ ಇದೆ. ಇದು ಹೊಸ ಸಂಗತಿಯಲ್ಲ. ಆದರೆ ಐವತ್ತು ವರ್ಷಗಳ ಹಿಂದೆ ಸಾವು ಹೆಚ್ಚಿದ್ದ ಜಾಗಗಳೇ ಬೇರೆ, ಇವತ್ತು ಹೆಚ್ಚಿರುವ ಜಾಗಗಳೇ ಬೇರೆ. ಕಾಯಿಲೆಯ ನಕ್ಷೆ ಹೀಗೆ ತಿರುವುಮುರುವಾದದ್ದು ಹೇಗೆ ಎಂಬುದೇ ಈ ಭಾಷಣದ ವಿಷಯ.

ಮೊದಲು ಹಳೆಯ ನಕ್ಷೆ. 1975ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಒಂದು ನಕ್ಷೆಪುಸ್ತಕವನ್ನು ಹೊರತಂದಿತು. 1950ರಿಂದ 1969ರವರೆಗಿನ ಇಪ್ಪತ್ತು ವರ್ಷಗಳ ಕ್ಯಾನ್ಸರ್ ಸಾವುಗಳನ್ನು ಕೌಂಟಿವಾರು ಲೆಕ್ಕ ಹಾಕಿ ಬಣ್ಣ ತುಂಬಿದ ಪುಸ್ತಕ ಅದು. ಕೌಂಟಿ ಎಂದರೆ ರಾಜ್ಯದೊಳಗಿನ ಆಡಳಿತ ಘಟಕ. ಆ ದೇಶದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳಿವೆ. ಅಲ್ಲಿಯವರೆಗೆ ಲೆಕ್ಕವೆಲ್ಲ ಬಹುಮಟ್ಟಿಗೆ ರಾಜ್ಯಗಳ ಮಟ್ಟದಲ್ಲೇ ನಿಂತಿತ್ತು. ಕೌಂಟಿಗೆ ಇಳಿದ ಮೇಲೆ ರಾಜ್ಯದ ಸರಾಸರಿಯೊಳಗೆ ಅಡಗಿದ್ದ ಎಷ್ಟೋ ಸಂಗತಿಗಳು ಹೊರಬಿದ್ದವು.

ಕೇಳುಗರು ಆ ನಕ್ಷೆಯನ್ನು ಮನಸ್ಸಿನಲ್ಲೇ ಬಿಡಿಸಿಕೊಳ್ಳಬೇಕು. ದೇಶದ ಬಲಭಾಗದ ಮೇಲ್ತುದಿಯಲ್ಲಿ, ಅಂದರೆ ಈಶಾನ್ಯದಲ್ಲಿ, ನ್ಯೂಯಾರ್ಕ್, ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್ ರಾಜ್ಯಗಳಿವೆ. ಅಲ್ಲಿಂದ ಪಶ್ಚಿಮಕ್ಕೆ ಸರಿದರೆ ಐದು ಮಹಾ ಸರೋವರಗಳ ದಂಡೆ. ಶಿಕಾಗೊ, ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್ ಇರುವುದು ಈ ದಂಡೆಯಲ್ಲಿ. ದೊಡ್ಡ ಕರುಳಿನ ಕ್ಯಾನ್ಸರಿನ ಮಟ್ಟಿಗೆ ಈ ಇಡೀ ಪಟ್ಟಿಯೇ ದಟ್ಟವಾಗಿತ್ತು. ಕೈಗಾರಿಕೆ, ವ್ಯಾಪಾರ, ಕೈತುಂಬ ಸಂಬಳ ಇದ್ದ ಸೀಮೆ ಅದು. ಕೆಳಗೆ, ದಕ್ಷಿಣದಲ್ಲಿ, ಹತ್ತಿ ಬೆಳೆಯುವ ಮಿಸಿಸಿಪ್ಪಿ, ಅಲಬಾಮ, ಅರ್ಕನ್ಸಾ ರಾಜ್ಯಗಳು ಬಡ ರಾಜ್ಯಗಳಾಗಿದ್ದವು. ಅಲ್ಲಿ ಬಣ್ಣ ತೆಳುವಾಗಿತ್ತು.

ಹಾಗಾಗಿ ಇದು ಉಳ್ಳವರ ಕಾಯಿಲೆ ಎಂಬ ಮಾತು ಬಂತು. ಆ ಕಾಲದ ಮಟ್ಟಿಗೆ ಅದು ತಪ್ಪಾಗಿರಲಿಲ್ಲ. ಜಗತ್ತಿನ ಬೇರೆ ಕಡೆಯ ಅನುಭವವೂ ಅದನ್ನೇ ಹೇಳುತ್ತಿತ್ತು. ಡೆನಿಸ್ ಬರ್ಕಿಟ್ ಎಂಬ ಶಸ್ತ್ರವೈದ್ಯರು ಉಗಾಂಡದಲ್ಲಿ ಬಹುಕಾಲ ಕೆಲಸ ಮಾಡಿದ್ದರು. ಮಕ್ಕಳ ದವಡೆಯಲ್ಲಿ ಬರುವ ಒಂದು ಗೆಡ್ಡೆಯ ನಕ್ಷೆ ತಯಾರಿಸಲು 1961ರಲ್ಲಿ ಹಳೆಯ ಕಾರೊಂದರಲ್ಲಿ ಆಫ್ರಿಕದ ಆಸ್ಪತ್ರೆಗಳನ್ನು ಸುತ್ತಿ ಬಂದವರು ಅವರು. ಆ ಗೆಡ್ಡೆಗೆ ಇಂದಿಗೂ ಅವರದೇ ಹೆಸರಿದೆ. ಆಫ್ರಿಕದ ಹಳ್ಳಿಗಳಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ತೀರ ಅಪರೂಪ ಎಂಬುದು ಅವರ ಗಮನಕ್ಕೆ ಬಂದಿತ್ತು. ಅಲ್ಲಿಯವರ ಊಟದಲ್ಲಿ ನಾರಿನಂಶ ಹೆಚ್ಚು, ಅದೇ ಕಾರಣ ಎಂದು ಅವರು 1971ರಲ್ಲಿ ಪ್ರತಿಪಾದಿಸಿದರು.

ವಲಸಿಗರೂ ಸಾಕ್ಷ್ಯ ಒದಗಿಸಿದರು. ಜಪಾನಿನಲ್ಲಿ ಆಗ ಈ ಕ್ಯಾನ್ಸರ್ ಕಡಿಮೆ ಇತ್ತು. ಅಲ್ಲಿಂದ ಹವಾಯಿ ದ್ವೀಪಗಳಿಗೂ ಕ್ಯಾಲಿಫೋರ್ನಿಯಕ್ಕೂ ಹೋಗಿ ನೆಲೆಸಿದವರಲ್ಲಿ ಅದು ಬೇಗನೆ ಏರಿತು. ಸುಮಾರು ಒಂದು ತಲೆಮಾರಿನೊಳಗೆ ಅಲ್ಲಿನ ಬಿಳಿಯರ ಮಟ್ಟಕ್ಕೆ ಹತ್ತಿರವಾಯಿತು. ರಕ್ತ ಅದೇ, ವಂಶ ಅದೇ, ಬದಲಾದದ್ದು ಊರು ಮತ್ತು ಊಟ. ಭಾರತದಲ್ಲಿ ಈ ಕ್ಯಾನ್ಸರಿನ ಪ್ರಮಾಣ ಈಗಲೂ ಅಮೆರಿಕದ ಐದನೇ ಒಂದು ಭಾಗದ ಆಸುಪಾಸಿನಲ್ಲಿದೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ 1980ರ ದಶಕದ ಆರಂಭದಿಂದ ಕ್ಯಾನ್ಸರ್ ನೋಂದಣಿ ನಡೆದಿದೆ. ಮಹಾರಾಷ್ಟ್ರದ ಬಾರ್ಶಿಯಲ್ಲಿ ಗ್ರಾಮಾಂತರ ನೋಂದಣಿಯೊಂದಿದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ನಮ್ಮಲ್ಲೂ ಪಟ್ಟಣದ ಅಂಕಿಯೇ ಹಳ್ಳಿಯದಕ್ಕಿಂತ ಹೆಚ್ಚು. ಸಮುದ್ರ ದಾಟಿ ನೆಲೆಸಿದ ಭಾರತೀಯರಲ್ಲಿ ಅದು ಇನ್ನೂ ಹೆಚ್ಚು, ಆದರೆ ಅಲ್ಲಿನ ಬಿಳಿಯರಷ್ಟಲ್ಲ.

ಹಳೆಯ ನಕ್ಷೆಪುಸ್ತಕ ಇನ್ನೊಂದು ಕೆಲಸವನ್ನೂ ಮಾಡಿತು. ವಿಚಿತ್ರವಾಗಿ ಕಂಡ ಜಾಗಗಳಿಗೆ ಸಂಶೋಧಕರನ್ನು ಕಳಿಸಿತು. ನೆಬ್ರಾಸ್ಕ ಎಂಬುದು ದೇಶದ ನಡುಮಧ್ಯದ ಕೃಷಿ ರಾಜ್ಯ. ಅದರ ಪೂರ್ವ ಭಾಗದ ಎರಡು ಗ್ರಾಮೀಣ ಕೌಂಟಿಗಳು ಸುತ್ತಲಿನ ತೆಳು ಬಣ್ಣದ ನಡುವೆ ದಟ್ಟವಾಗಿ ಎದ್ದು ಕಾಣುತ್ತಿದ್ದವು. ದೊಡ್ಡ ನಗರವಿಲ್ಲ, ಕಾರ್ಖಾನೆಯಿಲ್ಲ. ಮನೆಮನೆಗೆ ಹೋಗಿ ವಿಚಾರಿಸಿದಾಗ ತಿಳಿದದ್ದು ಇಷ್ಟು: ಅಲ್ಲಿ ನೆಲೆಸಿದವರಲ್ಲಿ ಬೊಹೀಮಿಯದಿಂದ, ಅಂದರೆ ಇಂದಿನ ಚೆಕ್ ದೇಶದ ಸೀಮೆಯಿಂದ, ಬಂದ ಕುಟುಂಬಗಳು ಬಹಳ. ಕಾಯಿಲೆ ಹೆಚ್ಚಿದ್ದುದು ಆ ಮೂಲದವರಲ್ಲಿ. ಊರನ್ನು ಹುಡುಕಿಕೊಂಡು ಹೋದವರಿಗೆ ಸಿಕ್ಕಿದ್ದು ಒಂದು ಜನಸಮುದಾಯ ಮತ್ತು ಅದರ ಅಡುಗೆಮನೆ.

ಇಲ್ಲಿಯವರೆಗಿನ ಮಾತು ಹಳೆಯ ನಕ್ಷೆಯದು. ಉತ್ತರದ ಸಿರಿವಂತ ಸೀಮೆಯಲ್ಲಿ ಸಾವು ಹೆಚ್ಚು, ದಕ್ಷಿಣದ ಬಡ ಸೀಮೆಯಲ್ಲಿ ಕಡಿಮೆ. ಹೊಸ ನಕ್ಷೆಗೆ ಬರುವ ಮೊದಲು ಇಂಥ ನಕ್ಷೆಯನ್ನು ಓದುವುದು ಹೇಗೆಂದು ಸ್ವಲ್ಪ ತಿಳಿಯಬೇಕು. ಓದಲು ಬಾರದಿದ್ದರೆ ನಕ್ಷೆಯಷ್ಟು ದಾರಿ ತಪ್ಪಿಸುವ ವಸ್ತು ಇನ್ನೊಂದಿಲ್ಲ.

ಮೊದಲನೆಯ ತೊಡಕು ವಯಸ್ಸಿನದು. ಈ ಕ್ಯಾನ್ಸರ್ ಹೆಚ್ಚಾಗಿ ಬರುವುದು ಐವತ್ತು ದಾಟಿದ ಮೇಲೆ. ಫ್ಲಾರಿಡ ರಾಜ್ಯದ ಕೆಲವು ಕೌಂಟಿಗಳಲ್ಲಿ ನಿವೃತ್ತರೇ ತುಂಬಿದ್ದಾರೆ. ಬರೀ ಸಾವುಗಳನ್ನು ಎಣಿಸಿದರೆ ಅವು ಕಡುಬಣ್ಣಕ್ಕೆ ತಿರುಗುತ್ತವೆ. ಅದಕ್ಕಾಗಿ ಎಲ್ಲ ಕೌಂಟಿಗಳಲ್ಲೂ ವಯಸ್ಸಿನ ಹಂಚಿಕೆ ಒಂದೇ ಎಂದು ಇಟ್ಟುಕೊಂಡು ಲೆಕ್ಕವನ್ನು ಸರಿಪಡಿಸುತ್ತಾರೆ.

ಎರಡನೆಯದು ಸಣ್ಣ ಸಂಖ್ಯೆಯ ತೊಡಕು. ಐದು ಸಾವಿರ ಜನರ ಒಂದು ಕೌಂಟಿ ಇದೆ ಎನ್ನೋಣ. ದೇಶದ ಸರಾಸರಿಯಂತೆ ಅಲ್ಲಿ ಈ ಕ್ಯಾನ್ಸರಿನಿಂದ ಮೂರು ವರ್ಷಕ್ಕೆ ಸುಮಾರು ಎರಡು ಸಾವು ಆಗಬೇಕು. ಆಕಸ್ಮಿಕವಾಗಿ ಮೂರಾದರೆ ಪ್ರಮಾಣ ಒಂದೇ ಏಟಿಗೆ ಒಂದೂವರೆ ಪಟ್ಟು ಆಗುತ್ತದೆ. ಒಂದಾದರೆ ಅರ್ಧಕ್ಕೆ ಇಳಿಯುತ್ತದೆ. ನಿಜವಾಗಿ ಅಲ್ಲಿ ಏನೂ ಬದಲಾಗಿರುವುದಿಲ್ಲ. ಬಡಾವಣೆಗಳ ಮಟ್ಟಕ್ಕೆ ಇಳಿದರೆ ಈ ತೊಡಕು ಇನ್ನೂ ಹೆಚ್ಚು. ಜನಗಣತಿಗಾಗಿ ಮಾಡಿಕೊಂಡ ಒಂದು ವಿಭಾಗದಲ್ಲಿ ಸರಾಸರಿ ನಾಲ್ಕು ಸಾವಿರ ಜನರಷ್ಟೇ ಇರುತ್ತಾರೆ. ಹಿಟ್ಟು ಸಾಲದ ಮನೆಯವರು ಪಕ್ಕದ ಮನೆಯಿಂದ ಕಡ ತರುವ ಹಾಗೆ, ಸಂಖ್ಯಾಶಾಸ್ತ್ರಜ್ಞರು ಅಕ್ಕಪಕ್ಕದ ಪ್ರದೇಶಗಳ ಅಂಕಿಗಳಿಂದ ಸ್ವಲ್ಪ ಬಲ ತಂದುಕೊಂಡು ಅಂದಾಜು ಕಟ್ಟುತ್ತಾರೆ. ಒಂಟಿ ಕೌಂಟಿಯ ಏರಿಳಿತಕ್ಕೆ ಬೆಲೆ ಕೊಡುವುದಿಲ್ಲ. ಒತ್ತೊತ್ತಾಗಿರುವ ಹತ್ತಾರು ಕೌಂಟಿಗಳು ಒಟ್ಟಿಗೆ ಏರಿದ್ದರೆ ಆಗ ಕಿವಿಗೊಡುತ್ತಾರೆ.

ಮೂರನೆಯ ತೊಡಕನ್ನು ಪರಿಹರಿಸುವುದು ಕಷ್ಟ. ಸಾವು ದಾಖಲಾಗುವುದು ಮನುಷ್ಯ ಕೊನೆಗೆ ವಾಸವಿದ್ದ ಊರಿನಲ್ಲಿ. ಆದರೆ ಕಾಯಿಲೆಯ ಬೀಜ ಬಿದ್ದದ್ದು ಹತ್ತಿಪ್ಪತ್ತು ವರ್ಷ ಮೊದಲು, ಬೇರೆಲ್ಲೋ ಇದ್ದಾಗ ಆಗಿರಬಹುದು. ಹಾಗೆಯೇ ಒಂದು ಪ್ರದೇಶದ ಸರಾಸರಿಯನ್ನು ಅಲ್ಲಿನ ಪ್ರತಿಯೊಬ್ಬನಿಗೂ ಅಂಟಿಸುವಂತಿಲ್ಲ. ಬಡ ಕೇರಿಯಲ್ಲಿ ಸಾವು ಹೆಚ್ಚು ಎಂದರೆ ಸತ್ತವರೆಲ್ಲ ಬಡವರೇ ಎಂದು ಅರ್ಥವಲ್ಲ.

ವಯಸ್ಸು, ಸಣ್ಣ ಸಂಖ್ಯೆ, ವಲಸೆ ಈ ಮೂರನ್ನೂ ನೆನಪಿನಲ್ಲಿಟ್ಟುಕೊಂಡು ಈಗ ಹೊಸ ನಕ್ಷೆಯನ್ನು ಬಿಡಿಸಬಹುದು.

ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ರೆಬೆಕ ಸೀಗಲ್ ಮತ್ತು ಸಂಗಡಿಗರು 2015ರಲ್ಲಿ ಕೌಂಟಿವಾರು ಸಾವುಗಳನ್ನು ಮತ್ತೆ ಲೆಕ್ಕ ಹಾಕಿದರು. ಒತ್ತೊತ್ತಾಗಿ ಕಡುಬಣ್ಣ ತಳೆದ ಮೂರು ಪ್ರದೇಶಗಳು ಸಿಕ್ಕವು. ಮೂರರಲ್ಲಿ ಒಂದೂ ಹಳೆಯ ನಕ್ಷೆಯ ದಟ್ಟ ಪಟ್ಟಿಯಲ್ಲಿ ಇರಲಿಲ್ಲ.

ಮೊದಲನೆಯದು ಮಿಸಿಸಿಪ್ಪಿ ನದಿಯ ಕೆಳದಂಡೆ. ನದಿ ದೇಶದ ನಡುವೆ ಉತ್ತರದಿಂದ ದಕ್ಷಿಣಕ್ಕೆ ಹರಿದು ಮೆಕ್ಸಿಕೊ ಕೊಲ್ಲಿಯನ್ನು ಸೇರುತ್ತದೆ. ಅದರ ಎರಡೂ ಕಡೆ ಚಪ್ಪಟೆಯಾದ, ಕಪ್ಪು ಮಣ್ಣಿನ ಹತ್ತಿಯ ಬಯಲು. ಗುಲಾಮಗಿರಿಯ ಕಾಲದ ತೋಟಗಳಿದ್ದದ್ದು ಇಲ್ಲಿ. ಆಮೇಲೆ ಪಾಲಿನ ಬೇಸಾಯ, ಅದರ ಮೇಲೆ ಯಂತ್ರಗಳು, ಕೊನೆಗೆ ಊರು ಬಿಟ್ಟು ಉತ್ತರಕ್ಕೆ ಹೋದ ಲಕ್ಷಾಂತರ ಜನ. ಉಳಿದವರ ಬಡತನ ದೇಶದಲ್ಲೇ ಅತಿ ಹೆಚ್ಚಿನದರ ಪೈಕಿ ಒಂದು. ಇಲ್ಲಿನ ತೊಂಬತ್ತಕ್ಕೂ ಹೆಚ್ಚು ಕೌಂಟಿಗಳಲ್ಲಿ ಈ ಕ್ಯಾನ್ಸರಿನ ಸಾವು ದೇಶದ ಉಳಿದ ಭಾಗಕ್ಕಿಂತ ಶೇಕಡಾ 40ರಷ್ಟು ಹೆಚ್ಚಿತ್ತು. ಇದೇ ಕೌಂಟಿಗಳಲ್ಲಿ 1970ರ ದಶಕದ ಆರಂಭದಲ್ಲಿ ಅದು ಉಳಿದ ದೇಶಕ್ಕಿಂತ ಶೇಕಡಾ 20ರಷ್ಟು ಕಡಿಮೆ ಇತ್ತು. ನಲವತ್ತು ವರ್ಷಗಳಲ್ಲಿ ಕಡಿಮೆಯದು ಹೆಚ್ಚಾಯಿತು.

ಎರಡನೆಯದು ಅಪಲೇಚಿಯ ಪರ್ವತಗಳ ಪಶ್ಚಿಮ ಮಧ್ಯಭಾಗ. ಕೆಂಟಕಿಯ ಪೂರ್ವ ಭಾಗ, ವೆಸ್ಟ್ ವರ್ಜೀನಿಯ, ಒಹಾಯೊ ಸೇರುವ ಗುಡ್ಡಗಾಡು. ಕಲ್ಲಿದ್ದಲ ಗಣಿಗಳ ನಾಡು ಅದು. ಕಣಿವೆಗೊಂದು ಊರು, ಊರಿಗೊಂದು ಸುತ್ತು ರಸ್ತೆ. ಇಲ್ಲಿನ ನೂರಕ್ಕೂ ಹೆಚ್ಚು ಕೌಂಟಿಗಳಲ್ಲಿ ಸಾವು ಸುಮಾರು ಐದನೇ ಒಂದು ಭಾಗದಷ್ಟು ಹೆಚ್ಚು. ಮೂರನೆಯದು ಅಟ್ಲಾಂಟಿಕ್ ಕರಾವಳಿಯ ಬಳಿ ವರ್ಜೀನಿಯ ಮತ್ತು ನಾರ್ತ್ ಕ್ಯಾರೊಲೈನ ರಾಜ್ಯಗಳ ಪೂರ್ವಭಾಗ. ಅಲ್ಲಿ ಹೆಚ್ಚಳ ಸುಮಾರು ಹತ್ತನೇ ಒಂದು ಭಾಗ.

ಆ ಅಧ್ಯಯನದ ಇನ್ನೊಂದು ಫಲಿತಾಂಶ ಇದಕ್ಕಿಂತ ಹೆಚ್ಚಿನದನ್ನು ಹೇಳುತ್ತದೆ. ಮಿಸಿಸಿಪ್ಪಿ ದಂಡೆಯಲ್ಲಿ ಹೆಚ್ಚಳ ಕಪ್ಪು ಜನರಲ್ಲೂ ಬಿಳಿಯರಲ್ಲೂ ಸರಿಸುಮಾರು ಒಂದೇ. ಅಪಲೇಚಿಯದಲ್ಲಿ ಅದು ಬಿಳಿಯರಲ್ಲಿ ಮಾತ್ರ. ಪೂರ್ವ ಕರಾವಳಿಯ ತಾಣದಲ್ಲಿ ಕಪ್ಪು ಜನರಲ್ಲಿ ಮಾತ್ರ. ಜನಾಂಗವೇ ಕಾರಣ ಎನ್ನುವವರಿಗೆ ಈ ಮೂರು ತಾಣಗಳೂ ಒಟ್ಟಿಗೆ ಒಂದು ಉತ್ತರ ಕೊಡುವುದಿಲ್ಲ. ಮೂರರಲ್ಲೂ ಸಮಾನವಾದದ್ದು ಬಡತನ, ಮತ್ತು ದೊಡ್ಡ ಆಸ್ಪತ್ರೆ ದೂರವಿರುವುದು.

ಈಗ ಎರಡೂ ನಕ್ಷೆಗಳು ಕೇಳುಗರ ಮುಂದಿವೆ. ಮೊದಲನೆಯದರಲ್ಲಿ ಉತ್ತರ ದಟ್ಟ, ಎರಡನೆಯದರಲ್ಲಿ ದಕ್ಷಿಣ ಮತ್ತು ಗುಡ್ಡಗಾಡು ದಟ್ಟ. ಈ ನಡುವೆ ದೇಶದ ಒಟ್ಟು ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗೆ ಇಳಿದಿದೆ. ದಕ್ಷಿಣದಲ್ಲಿ ಸಾವು ವಿಪರೀತ ಏರಿ ನಕ್ಷೆ ತಿರುಗಿತು ಎಂದುಕೊಂಡರೆ ಅದು ಅರ್ಧ ಸತ್ಯ. ಉತ್ತರದಲ್ಲಿ ಸಾವು ಭರದಿಂದ ಇಳಿಯಿತು, ಈ ತಾಣಗಳಲ್ಲಿ ಹಾಗೆ ಇಳಿಯಲಿಲ್ಲ. ಹಾಗಾದರೆ ಇಳಿಸಿದ್ದು ಏನು?

ಊಟ ಮತ್ತು ಚಟಗಳಿಂದ ಆರಂಭಿಸಬಹುದು. ಸಿಗರೇಟು, ಮದ್ಯ, ಸ್ಥೂಲಕಾಯ, ಸಂಸ್ಕರಿಸಿದ ಮಾಂಸ, ಮೈ ಅಲುಗದ ಬದುಕು ಇವೆಲ್ಲ ಈ ಕ್ಯಾನ್ಸರಿನ ಸಂಭವವನ್ನು ಹೆಚ್ಚಿಸುತ್ತವೆ. ಒಂದು ಕಾಲಕ್ಕೆ ಮಾಂಸ ಮತ್ತು ಆರಾಮ ಉಳ್ಳವರ ಪಾಲಿನವು. ಕ್ರಮೇಣ ಅಗ್ಗದ ಸಿದ್ಧ ಆಹಾರ ಬಡವರ ಬೀದಿಗೆ ಬಂತು. ಓದಿದವರು ಸಿಗರೇಟು ಬಿಟ್ಟರು, ಗಣಿ ಊರುಗಳಲ್ಲಿ ಅದು ಉಳಿಯಿತು. ಯೂಟ ರಾಜ್ಯದಲ್ಲಿ ಮಾರ್ಮನ್ ಪಂಥದವರು ಬಹುಸಂಖ್ಯಾತರು. ಅವರಿಗೆ ಹೊಗೆಸೊಪ್ಪೂ ಮದ್ಯವೂ ನಿಷಿದ್ಧ. ದೇಶದಲ್ಲೇ ಅತಿ ಕಡಿಮೆ ದೊಡ್ಡ ಕರುಳಿನ ಕ್ಯಾನ್ಸರ್ ಇರುವ ರಾಜ್ಯಗಳ ಸಾಲಿನಲ್ಲಿ ಯೂಟ ಇದೆ.

ಆದರೆ ಊಟ ಮತ್ತು ಚಟಗಳ ಪಾಲು ಎಷ್ಟು? ಇದನ್ನು ಅಳೆದ ದೊಡ್ಡ ಪ್ರಯತ್ನವೊಂದಿದೆ. 1990ರ ದಶಕದ ನಡುವಿನಲ್ಲಿ ಆರು ರಾಜ್ಯಗಳ ಮತ್ತು ಎರಡು ಮಹಾನಗರಗಳ ಐದು ಲಕ್ಷಕ್ಕೂ ಹೆಚ್ಚು ಜನರಿಂದ ಅಂಚೆಯ ಪ್ರಶ್ನಾವಳಿಗೆ ಉತ್ತರ ಪಡೆದರು. ಎಲ್ಲರೂ ಐವತ್ತರಿಂದ ಎಪ್ಪತ್ತರ ಆಸುಪಾಸಿನವರು. ಅವರವರ ಬಡಾವಣೆಯ ಆದಾಯ, ಶಿಕ್ಷಣ, ನಿರುದ್ಯೋಗಗಳ ಮಾಹಿತಿಯನ್ನು ಜನಗಣತಿಯಿಂದ ತೆಗೆದು ಜೋಡಿಸಿದರು. ಮುಂದೆ ಯಾರಿಗೆ ಕ್ಯಾನ್ಸರ್ ಬಂತೆಂದು ನೋಂದಣಿಗಳಲ್ಲಿ ಹುಡುಕಿದರು. ಬಡ ಬಡಾವಣೆಯವರಿಗೆ ಹೆಚ್ಚು ಬಂದಿತ್ತು. ಆ ಅಂತರದಲ್ಲಿ ಊಟ, ಧೂಮಪಾನ, ವ್ಯಾಯಾಮ, ತೂಕ ಇವುಗಳಿಂದ ವಿವರಿಸಲು ಆದದ್ದು ಮೂರನೇ ಒಂದು ಭಾಗದಿಂದ ಅರ್ಧದಷ್ಟು. ಉಳಿದದ್ದಕ್ಕೆ ಬೇರೆ ಕಡೆ ನೋಡಬೇಕು.

ನೋಡಬೇಕಾದ ಕಡೆ ಯಾವುದೆಂದು ಈ ಕಾಯಿಲೆಯ ಸ್ವಭಾವವೇ ತೋರಿಸುತ್ತದೆ. ದೊಡ್ಡ ಕರುಳಿನ ಒಳಗೋಡೆಯಲ್ಲಿ ಮೊದಲು ಪುಟ್ಟ ಗಂಟೊಂದು ಏಳುತ್ತದೆ. ಅದನ್ನು ಪಾಲಿಪ್ ಎನ್ನುತ್ತಾರೆ. ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ. ಇಷ್ಟು ದೀರ್ಘ ಅವಕಾಶ ಕೊಡುವ ಕ್ಯಾನ್ಸರ್‌ಗಳು ಕಡಿಮೆ. ಆ ಅವಧಿಯಲ್ಲಿ ಕೊಲೊನೊಸ್ಕೋಪಿ ಮಾಡಿಸಿದರೆ, ಅಂದರೆ ಕ್ಯಾಮೆರಾ ಇರುವ ಬಾಗುವ ನಳಿಕೆಯಿಂದ ಕರುಳನ್ನು ನೋಡಿದರೆ, ಗಂಟನ್ನು ಆಗಲೇ ತೆಗೆದುಹಾಕಬಹುದು. ಮಲದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಇದೆಯೇ ಎಂದು ನೋಡುವ ಸರಳ ಪರೀಕ್ಷೆಯೂ ಇದೆ. ಮಿನಸೋಟ ರಾಜ್ಯದಲ್ಲಿ 46,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1993ರಲ್ಲಿ ಪ್ರಕಟವಾಯಿತು. ವರ್ಷಕ್ಕೊಮ್ಮೆ ಮಲ ಪರೀಕ್ಷೆ ಮಾಡಿಸಿದವರ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಮೂರನೇ ಒಂದು ಭಾಗ ಕಡಿಮೆಯಾಗಿತ್ತು. ಕರುಳಿನೊಳಗೇ ಇರುವಾಗ ಸಿಕ್ಕಿದ ಕ್ಯಾನ್ಸರಿನಲ್ಲಿ ಹತ್ತರಲ್ಲಿ ಒಂಬತ್ತು ಜನ ಐದು ವರ್ಷ ದಾಟಿ ಬದುಕುತ್ತಾರೆ. ದೂರದ ಅಂಗಗಳಿಗೆ ಹರಡಿದ ಮೇಲೆ ಸಿಕ್ಕಿದರೆ ಏಳರಲ್ಲಿ ಒಬ್ಬರು.

ಅಂದರೆ ಸಾವನ್ನು ಮುಂದಾಗಿ ತಡೆಯುವ ಉಪಾಯ ಕೈಗೆ ಬಂತು. ಅದು ಮೊದಲು ಯಾರ ಕೈಗೆ ಬಂತು ಎನ್ನುವಲ್ಲಿ ನಕ್ಷೆ ತಿರುಗಿತು.

ಅಮೆರಿಕದಲ್ಲಿ ಹಿರಿಯರಿಗೆ ಮೆಡಿಕೇರ್ ಎಂಬ ಸರ್ಕಾರಿ ವಿಮೆ ಇದೆ. ಅದು ಎಲ್ಲ ಸದಸ್ಯರಿಗೂ ತಪಾಸಣೆಯ ಕೊಲೊನೊಸ್ಕೋಪಿಯ ಖರ್ಚು ಕೊಡಲು ಆರಂಭಿಸಿದ್ದು 2001ರಲ್ಲಿ. ಅದರ ಹಿಂದಿನ ವರ್ಷ ಟಿವಿ ನಿರೂಪಕಿ ಕೇಟಿ ಕುರಿಕ್ ತಮ್ಮ ಕೊಲೊನೊಸ್ಕೋಪಿಯನ್ನು ಬೆಳಗಿನ ಕಾರ್ಯಕ್ರಮದಲ್ಲಿ ಪ್ರಸಾರ ಮಾಡಿಸಿದ್ದರು. ಅವರ ಪತಿ ನಲವತ್ತೆರಡರ ವಯಸ್ಸಿನಲ್ಲಿ ಇದೇ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಆ ಪ್ರಸಾರದ ನಂತರ ಪರೀಕ್ಷೆಗೆ ಬರುವವರ ಸಂಖ್ಯೆ ಐದನೇ ಒಂದು ಭಾಗದಷ್ಟು ಏರಿತು. ಕಾರ್ಯಕ್ರಮವನ್ನು ನೋಡಿದವರು ದೇಶದ ಎಲ್ಲ ಕಡೆಯೂ ಇದ್ದರು. ನೋಡಿದ ಮರುದಿನ ವೈದ್ಯರ ಬಳಿ ಹೋಗಬಲ್ಲವರು ಎಲ್ಲ ಕಡೆ ಇರಲಿಲ್ಲ.

ಕೊಲೊನೊಸ್ಕೋಪಿಗೆ ಏನೇನು ಬೇಕು ಎಂದು ಯೋಚಿಸಿದರೆ ಇದು ತಿಳಿಯುತ್ತದೆ. ಹಿಂದಿನ ದಿನ ಉಪವಾಸ, ಭೇದಿ ಔಷಧ. ಎಂದರೆ ಕೆಲಸಕ್ಕೆ ರಜೆ. ದಿನಗೂಲಿಯವನಿಗೆ ರಜೆ ಎಂದರೆ ಸಂಬಳ ಖೋತಾ. ಪರೀಕ್ಷೆಯ ಹೊತ್ತಿಗೆ ಮಂಪರಿನ ಮದ್ದು ಕೊಡುವುದರಿಂದ ವಾಪಸು ಕಾರು ಓಡಿಸುವಂತಿಲ್ಲ. ಇನ್ನೊಬ್ಬರು ಜೊತೆಗೆ ಬರಬೇಕು, ಅವರಿಗೂ ರಜೆ ಬೇಕು. ಬಸ್ಸಿಲ್ಲದ ಊರಿನಲ್ಲಿ ಕಾರು ಬೇಕು. ವಿಮೆ ಬೇಕು. ಎಲ್ಲಕ್ಕಿಂತ ಮೊದಲು ಸುತ್ತಮುತ್ತ ಎಲ್ಲಾದರೂ ಆ ನಳಿಕೆ ಹಿಡಿಯಬಲ್ಲ ತಜ್ಞ ವೈದ್ಯರಿರಬೇಕು. ಮಿಸಿಸಿಪ್ಪಿಯ ಬಯಲಿನ, ಕೆಂಟಕಿಯ ಕಣಿವೆಗಳ ಎಷ್ಟೋ ಕೌಂಟಿಗಳಲ್ಲಿ ಅಂಥವರು ಒಬ್ಬರೂ ಇಲ್ಲ. ಅಗ್ಗದ ಮಲ ಪರೀಕ್ಷೆಯಲ್ಲೂ ಒಂದು ಕೊಂಡಿ ಇತ್ತು. ಅದರಲ್ಲಿ ರಕ್ತ ಕಂಡರೆ ಮುಂದೆ ಕೊಲೊನೊಸ್ಕೋಪಿ ಆಗಲೇಬೇಕು. ಆ ಎರಡನೆಯ ಹೆಜ್ಜೆಯನ್ನು ವಿಮಾ ಕಂಪನಿಗಳು ಬಹುಕಾಲ ತಪಾಸಣೆ ಎಂದು ಪರಿಗಣಿಸದೆ ರೋಗಿಯ ಮೇಲೆ ಖರ್ಚು ಹೊರಿಸುತ್ತಿದ್ದವು. ಸರಿಹೋದದ್ದು 2022–23ರ ವೇಳೆಗೆ.

ಕಪ್ಪು ಜನರ ಮತ್ತು ಬಿಳಿಯರ ನಡುವಿನ ಅಂತರವೂ ಇದೇ ಕಥೆಯನ್ನು ಹೇಳುತ್ತದೆ. 1980ರ ತನಕ ಈ ಕ್ಯಾನ್ಸರಿನಿಂದ ಕಪ್ಪು ಜನರಲ್ಲಿ ಆಗುತ್ತಿದ್ದ ಸಾವು ಬಿಳಿಯರಿಗಿಂತ ಹೆಚ್ಚಿರಲಿಲ್ಲ. ಪತ್ತೆ ಮತ್ತು ಚಿಕಿತ್ಸೆ ಸುಧಾರಿಸುತ್ತ ಹೋದಂತೆ ಎರಡು ಗೆರೆಗಳು ದೂರ ಸರಿದವು. ಈಗ ಕಪ್ಪು ಜನರಲ್ಲಿ ಸಾವು ಬಿಳಿಯರಿಗಿಂತ ಸುಮಾರು ಶೇಕಡಾ 40ರಷ್ಟು ಹೆಚ್ಚು. ವೈದ್ಯಶಾಸ್ತ್ರ ಏನೂ ಮಾಡಲಾಗದ ಕಾಲದಲ್ಲಿ ಇಲ್ಲದಿದ್ದ ಅಂತರ, ಅದಕ್ಕೆ ಶಕ್ತಿ ಬಂದ ಮೇಲೆ ಹುಟ್ಟಿತು.

ಹಳೆಯ ನಕ್ಷೆ ಕಾಯಿಲೆ ಎಲ್ಲಿ ಹುಟ್ಟುತ್ತದೆಂದು ಬಹುಮಟ್ಟಿಗೆ ತೋರಿಸುತ್ತಿತ್ತು. ಹೊಸ ನಕ್ಷೆಯಲ್ಲಿ ಅದರ ಜೊತೆಗೆ ಚಿಕಿತ್ಸೆ ಎಲ್ಲಿಗೆ ತಲುಪಿಲ್ಲ ಎಂಬುದೂ ಬೆರೆತಿದೆ. ಈ ಮಾತು ನಿಜವಾದರೆ, ತಲುಪಿಸಿದ ಕಡೆ ಬಣ್ಣ ತೆಳುವಾಗಬೇಕು. ಹಾಗೆ ಆಗಿರುವ ಒಂದು ರಾಜ್ಯವಿದೆ.

ಡೆಲವೇರ್ ಪೂರ್ವ ಕರಾವಳಿಯ ಪುಟ್ಟ ರಾಜ್ಯ. ಮೂರೇ ಕೌಂಟಿಗಳು, ಹತ್ತು ಲಕ್ಷದ ಆಸುಪಾಸಿನ ಜನ. 2002ರ ನಂತರ ಅಲ್ಲಿನ ಸರ್ಕಾರ ವಿಮೆ ಇಲ್ಲದವರಿಗೆ ಕೊಲೊನೊಸ್ಕೋಪಿಯ ಖರ್ಚು ಕೊಟ್ಟಿತು. ಕ್ಯಾನ್ಸರ್ ಕಂಡರೆ ಚಿಕಿತ್ಸೆಯ ಖರ್ಚನ್ನೂ ವಹಿಸಿಕೊಂಡಿತು. ಆಸ್ಪತ್ರೆಗಳಲ್ಲಿ ದಾದಿಯರನ್ನು ಇದಕ್ಕೆಂದೇ ನೇಮಿಸಿತು. ಜನರನ್ನು ಹುಡುಕುವುದು, ದಿನ ಗೊತ್ತು ಮಾಡುವುದು, ವಾಹನಕ್ಕೆ ವ್ಯವಸ್ಥೆ ಮಾಡುವುದು, ಬಾರದಿದ್ದರೆ ಮತ್ತೆ ಫೋನ್ ಮಾಡುವುದು ಅವರ ಕೆಲಸ. 2002ರಲ್ಲಿ ಅಲ್ಲಿನ ಕಪ್ಪು ಜನರಲ್ಲಿ ತಪಾಸಣೆಯಾದವರು ಅರ್ಧಕ್ಕಿಂತ ಕಡಿಮೆ. 2009ರ ಹೊತ್ತಿಗೆ ನಾಲ್ಕರಲ್ಲಿ ಮೂವರು, ಬಿಳಿಯರಷ್ಟೇ. ಮೊದಲು ಅವರಲ್ಲಿ ಐದು ಕ್ಯಾನ್ಸರುಗಳಲ್ಲಿ ನಾಲ್ಕು ಪತ್ತೆಯಾಗುವ ವೇಳೆಗೆ ಕರುಳನ್ನು ದಾಟಿ ಹರಡಿರುತ್ತಿದ್ದವು. ಅದು ಐದರಲ್ಲಿ ಎರಡಕ್ಕೆ ಇಳಿಯಿತು. ಸಾವು ಶೇಕಡಾ 40ರಷ್ಟು ಕಡಿಮೆಯಾಗಿ, ಎರಡು ಜನಾಂಗಗಳ ನಡುವಿನ ಅಂತರ ಹೆಚ್ಚುಕಡಿಮೆ ಮುಚ್ಚಿಹೋಯಿತು. ಇಷ್ಟೆಲ್ಲ ಆದದ್ದು ಎಂಟೇ ವರ್ಷಗಳಲ್ಲಿ. ಹೊಸ ಔಷಧವಾಗಲಿ ಹೊಸ ಯಂತ್ರವಾಗಲಿ ಅಲ್ಲಿ ಬಂದಿರಲಿಲ್ಲ.

ಕೆಂಟಕಿಯಲ್ಲೂ ತಪಾಸಣೆ ಮಾಡಿಸಿಕೊಂಡವರು 1999ರಲ್ಲಿ ಮೂರರಲ್ಲಿ ಒಬ್ಬರಿದ್ದದ್ದು ಹದಿನೈದು ವರ್ಷಗಳಲ್ಲಿ ಮೂರರಲ್ಲಿ ಇಬ್ಬರಾದರು. ಬಡವರ ಸರ್ಕಾರಿ ವಿಮೆಯನ್ನು ಆ ರಾಜ್ಯ 2014ರಲ್ಲಿ ವಿಸ್ತರಿಸಿತು. ಮಿಸಿಸಿಪ್ಪಿ ಆಗ ಒಪ್ಪಲಿಲ್ಲ. ಕೆಂಟಕಿಯ ಕ್ಯಾನ್ಸರ್ ಪ್ರಮಾಣ ಗಣನೀಯವಾಗಿ ಇಳಿಯಿತು. ಆದರೂ ಅದು ಇಂದಿಗೂ ಅತಿ ಹೆಚ್ಚು ಪ್ರಮಾಣದ ರಾಜ್ಯಗಳ ಸಾಲಿನಲ್ಲೇ ಇದೆ. ಸಿಗರೇಟು ಮತ್ತು ತೂಕದ ಪಾಲನ್ನು ನಳಿಕೆಯಿಂದ ತೆಗೆಯಲು ಬಾರದು.

ಇಲ್ಲಿಯವರೆಗೆ ಬಂದ ದಾರಿ ಇದು: ಬಡತನದ ಊಟ ಕಾಯಿಲೆಯನ್ನು ಹೆಚ್ಚಿಸಿತು, ದೂರದ ಆಸ್ಪತ್ರೆ ಸಾವನ್ನು ಹೆಚ್ಚಿಸಿತು, ತಪಾಸಣೆ ಹೋದ ಕಡೆ ಎರಡೂ ಇಳಿದವು. ಆದರೆ ನಕ್ಷೆಯ ಎಲ್ಲ ಕಡುಬಣ್ಣವೂ ಈ ಸೂತ್ರಕ್ಕೆ ಸಿಕ್ಕುವುದಿಲ್ಲ. ಅದಕ್ಕೆ ದೇಶದ ವಾಯವ್ಯದ ಕಟ್ಟಕಡೆಗೆ ಹೋಗಬೇಕು.

ಅಲಾಸ್ಕದ ಮೂಲನಿವಾಸಿಗಳಲ್ಲಿ ಈ ಕ್ಯಾನ್ಸರಿನ ಪ್ರಮಾಣ ದೇಶದ ಸರಾಸರಿಯ ಎರಡೂವರೆ ಪಟ್ಟು. ಲಕ್ಷಕ್ಕೆ ಸುಮಾರು 90. ಜಗತ್ತಿನಲ್ಲೇ ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಇದೊಂದು. ಅಲ್ಲಿನ ಎಷ್ಟೋ ಹಳ್ಳಿಗಳಿಗೆ ರಸ್ತೆಯೇ ಇಲ್ಲ. ಸಣ್ಣ ವಿಮಾನದಲ್ಲಿ ಅಥವಾ ದೋಣಿಯಲ್ಲಿ ಹೋಗಬೇಕು. ದೂರವೇ ಕಾರಣ ಎನ್ನುವುದು ಸುಲಭ. ಆದರೆ ಅಲ್ಲಿ ಕಾಯಿಲೆ ಬರುವುದೇ ಹೆಚ್ಚು, ತಡವಾಗಿ ಸಿಗುವುದೊಂದೇ ತೊಂದರೆಯಲ್ಲ. ಮೀನು, ಸೀಲ್ ಮಾಂಸ, ಕೊಬ್ಬು ಅವರ ಸಾಂಪ್ರದಾಯಿಕ ಊಟ. ಈಗ ಅದಕ್ಕೆ ಅಂಗಡಿಯ ಸಂಸ್ಕರಿಸಿದ ಆಹಾರ ಸೇರಿದೆ. ಎರಡರಲ್ಲೂ ನಾರು ತೀರ ಕಡಿಮೆ. ಧೂಮಪಾನವೂ ಹೆಚ್ಚು.

ನಾರು ಕರುಳಿನಲ್ಲಿ ಮಾಡುವುದೇನು ಎಂಬುದು ಬರ್ಕಿಟ್ ಕಾಲಕ್ಕಿಂತ ಈಗ ಚೆನ್ನಾಗಿ ಗೊತ್ತು. ನಮ್ಮಿಂದ ಜೀರ್ಣವಾಗದ ನಾರನ್ನು ಕರುಳಿನ ಸೂಕ್ಷ್ಮಜೀವಿಗಳು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲವನ್ನು ಮಾಡುತ್ತವೆ. ಕರುಳಿನ ಒಳಪೊರೆಗೆ ಅದೇ ಮುಖ್ಯ ಆಹಾರ. ಉರಿಯೂತವನ್ನು ಅದು ತಗ್ಗಿಸುತ್ತದೆ. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಪಿಟ್ಸ್‌ಬರ್ಗ್ ನಗರದ ಇಪ್ಪತ್ತು ಆಫ್ರಿಕನ್ ಅಮೆರಿಕನ್ನರೂ ದಕ್ಷಿಣ ಆಫ್ರಿಕದ ಹಳ್ಳಿಯ ಇಪ್ಪತ್ತು ಜನರೂ ಎರಡು ವಾರ ಊಟ ಅದಲುಬದಲು ಮಾಡಿಕೊಂಡರು. ನಗರದವರಿಗೆ ನಾರು ತುಂಬಿದ ಹಳ್ಳಿ ಊಟ, ಹಳ್ಳಿಯವರಿಗೆ ಮಾಂಸ ಮತ್ತು ಕೊಬ್ಬಿನ ಊಟ. ಅಷ್ಟರಲ್ಲೇ ಎರಡೂ ಗುಂಪುಗಳ ಕರುಳಿನ ಸೂಚಕಗಳು ತಿರುವುಮುರುವಾದವು. ಹದಿನಾಲ್ಕು ದಿನದಲ್ಲಿ ಕ್ಯಾನ್ಸರ್ ಬಂತು ಅಥವಾ ಹೋಯಿತು ಎಂದಲ್ಲ. ಕ್ಯಾನ್ಸರಿನ ಸಂಭವಕ್ಕೆ ಸಂಬಂಧಿಸಿದ ಉರಿಯೂತ ಮತ್ತು ಕೋಶವಿಭಜನೆಯ ವೇಗ ಒಂದು ಕಡೆ ಇಳಿದು ಇನ್ನೊಂದು ಕಡೆ ಏರಿದವು. ಕಾಯಿಲೆ ಇಷ್ಟು ಹೆಚ್ಚಿರುವುದರಿಂದ ಅಲಾಸ್ಕದಲ್ಲಿ ಮೂಲನಿವಾಸಿಗಳಿಗೆ ತಪಾಸಣೆಯನ್ನು ದೇಶದ ಉಳಿದೆಡೆಗಿಂತ ಮುಂಚೆ, ನಲವತ್ತರಲ್ಲೇ, ಶುರುಮಾಡುತ್ತಾರೆ.

ವಯಸ್ಸಿನ ಮಾತು ಬಂದದ್ದರಿಂದ ಕೊನೆಯ ಸಂಗತಿ. ಈವರೆಗಿನ ಎಲ್ಲ ನಕ್ಷೆಗಳೂ ಮುಖ್ಯವಾಗಿ ಐವತ್ತು ದಾಟಿದವರವು. 1990ರ ದಶಕದಿಂದ ಅದಕ್ಕಿಂತ ಕಿರಿಯರಲ್ಲಿ ಈ ಕ್ಯಾನ್ಸರ್ ಏರುತ್ತಿದೆ. 1995ರಲ್ಲಿ ಒಟ್ಟು ರೋಗಿಗಳಲ್ಲಿ ಐವತ್ತೈದರ ಒಳಗಿನವರು ಹತ್ತರಲ್ಲಿ ಒಬ್ಬರಿದ್ದರು. ಈಗ ಐದರಲ್ಲಿ ಒಬ್ಬರು. 2020ರಲ್ಲಿ ನಟ ಚಾಡ್ವಿಕ್ ಬೋಸ್‌ಮನ್ ನಲವತ್ತಮೂರರಲ್ಲಿ ಇದೇ ಕ್ಯಾನ್ಸರಿನಿಂದ ತೀರಿಕೊಂಡಾಗ ಸಾಮಾನ್ಯರ ಗಮನ ಇತ್ತ ಹರಿಯಿತು. ಅವರು ಹುಟ್ಟಿ ಬೆಳೆದದ್ದು ದಕ್ಷಿಣದ ಸೌತ್ ಕ್ಯಾರೊಲೈನ ರಾಜ್ಯದಲ್ಲಿ. ಅದೇ ವರ್ಷ ಪ್ರಕಟವಾದ ಅಧ್ಯಯನವೊಂದು ಕಿರಿಯ ವಯಸ್ಸಿನ ಗಂಡಸರ ಸಾವು ಹೆಚ್ಚಿರುವ ಇನ್ನೂರಕ್ಕೂ ಹೆಚ್ಚು ಕೌಂಟಿಗಳನ್ನು ಗುರುತಿಸಿತು. ಹತ್ತರಲ್ಲಿ ಒಂಬತ್ತು ದಕ್ಷಿಣದಲ್ಲಿವೆ. ಕಿರಿಯರ ನಕ್ಷೆ ಹಿರಿಯರ ಹೊಸ ನಕ್ಷೆಯ ಜಾಡಿನಲ್ಲೇ ಸಾಗಿದೆ. ಏರಿಕೆ ಮಾತ್ರ ದೇಶದ ಎಲ್ಲ ಕಡೆಯೂ ಇದೆ, ಅದರ ಪೂರ್ತಿ ಕಾರಣ ಇನ್ನೂ ತಿಳಿದಿಲ್ಲ.

2021ರ ಮೇ ತಿಂಗಳಲ್ಲಿ ಅಮೆರಿಕದ ತಪಾಸಣಾ ಮಾರ್ಗಸೂಚಿ ಆರಂಭದ ವಯಸ್ಸನ್ನು ಐವತ್ತರಿಂದ ನಲವತ್ತೈದಕ್ಕೆ ಇಳಿಸಿತು. ಸುಮಾರು ಎರಡು ಕೋಟಿ ಜನ ಒಮ್ಮೆಗೇ ತಪಾಸಣೆಯ ವ್ಯಾಪ್ತಿಗೆ ಬಂದರು. ತಜ್ಞರ ಸಂಖ್ಯೆ ಅದೇ ವೇಗದಲ್ಲಿ ಬೆಳೆಯಲಾರದ್ದರಿಂದ, ಕೊಲೊನೊಸ್ಕೋಪಿ ಸಿಗುವ ಊರುಗಳಲ್ಲೇ ಸರದಿ ಉದ್ದವಾಗುತ್ತದೆ. ತಜ್ಞರೇ ಇಲ್ಲದ ಕೌಂಟಿಗಳಲ್ಲಿ ಅಂಚೆಯಲ್ಲಿ ಕಳಿಸುವ ಮಲ ಪರೀಕ್ಷೆಯ ಪೊಟ್ಟಣವನ್ನೇ ಮುಖ್ಯವಾಗಿ ನೆಚ್ಚಿಕೊಳ್ಳಬೇಕು. ಗಂಟು ಕ್ಯಾನ್ಸರ್ ಆಗಲು ಹತ್ತು ವರ್ಷ ಹಿಡಿಯುವುದರಿಂದ, ಈ ಬದಲಾವಣೆಯ ಪೂರ್ತಿ ಫಲ ಕೌಂಟಿಗಳ ಸಾವಿನ ಲೆಕ್ಕದಲ್ಲಿ ಕಾಣಿಸುವುದು 2030ರ ನಂತರವೇ.